ಹಾಸನ ಸೀಮೆಯ ಕಿರಿಯ ಕಲಾಸ್ಥಾನಗಳು

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಎಂಬ ನಾಲ್ಕು ಊರುಗಳಿಗೂ ದೇವರಿಂದಲೇ ಹೆಸರು ಬಂದಿರುವುದು ಜನರ ಹೇಳಿಕೆ. ಹಾಸನಾಂಬೆ, ಹೊಳೆಯ ದಡದ ನರಸಿಂಹ, ಅರ್ಕೇಶ್ವರ, ಚನ್ನರಾಯಸ್ವಾಮಿ ಎಂದು ಗುಡಿಗಳನ್ನು ಎಣಿಸಿದರೆ ಊರುಗಳನ್ನೂ ಎಣಿಸಿದಂತಾಗುತ್ತದೆ. ಈ ಸೀಮೆಯಲ್ಲಿ ಕಲೆಯು ಎಲ್ಲಿ ವಾಸಮಾಡಿಕೊಂಡಿತ್ತೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಾಗಿಲ್ಲ. ನೋಡಬಂದವನು ಕಾಸು ಕೊಟ್ಟು ಒಳಹೊಕ್ಕು, ಗೋಡೆಯ ಮೇಲೆ ತೂಗುಹಾಕಿದ ಪಟಗಳನ್ನು ಒಂದೊಂದಾಗಿ ನೋಡುತ್ತ ಹೋಗುವ ಚಿತ್ರಶಾಲೆಯೆಂಬುದು ನಮ್ಮಲ್ಲಿ ಈಚಿನದು. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ 1915ರಲ್ಲಿ ಅಂತಹ ಶಾಲೆಯೊಂದು ಏರ್ಪಟ್ಟಿತು. ಬೆಂಗಳೂರಿನ ಚಿತ್ರಕಲಾ ಪರಿಷತ್ತು 1960ರದು. ಹಾಸನದ ಮಹಾರಾಜ ಉದ್ಯಾನದಲ್ಲಿಯೂ ಸರ್ಕಾರದ ವಸ್ತುಸಂಗ್ರಹಾಲಯವೊಂದು ಉಂಟು. ಇವಕ್ಕೆ ಮುಂಚೆ ಕಲೆಯನ್ನು ಕೂಡಿಸಿಡುತ್ತಿದ್ದವರು ಯಾರು, ನೋಡಗೊಡುತ್ತಿದ್ದವರು ಯಾರು ಎಂಬುದು ವಿಚಾರಮಾಡತಕ್ಕ ವಿಷಯ.

2023ರಲ್ಲಿ ಯುನೆಸ್ಕೋ ಸಂಸ್ಥೆಯು ಬೇಲೂರು, ಹಳೆಯಬೀಡು, ಸೋಮನಾಥಪುರಗಳ ದೇವಾಲಯಗಳನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ನಾಡಿಗೆಲ್ಲ ಸಂತೋಷವಾಯಿತು, ಆಗಬೇಕಾದದ್ದೇ. ಆದರೆ ಹೆಸರಾದ ಸ್ಥಳಗಳಿಗೆ ಬರುವ ಕೀರ್ತಿಯು ಹೆಸರಾಗದ ಸ್ಥಳಗಳನ್ನು ಇನ್ನಷ್ಟು ಮರೆಯಿಸುವುದೂ ಉಂಟು. ಹಾಸನದಿಂದ ಬೇಲೂರಿಗೆ ಹೋಗುವ ಯಾತ್ರಿಕನು ದೊಡ್ಡಗದ್ದವಳ್ಳಿಯ ಕವಲನ್ನು ದಾಟಿಯೇ ಹೋಗಬೇಕು. ಅಲ್ಲಿ ಇಳಿಯುವವರು ಕಡಮೆ. ಕುಲ್ಲಹಣ ರಾಹುತನೆಂಬ ವರ್ತಕನೂ ಅವನ ಹೆಂಡತಿ ಸಹಜಾದೇವಿಯೂ 12ನೆಯ ಶತಮಾನದ ಆದಿಯಲ್ಲಿ, ವಿಷ್ಣುವರ್ಧನನ ಕಾಲದಲ್ಲಿ, ಕಟ್ಟಿಸಿದ ನಾಲ್ಕು ಗರ್ಭಗೃಹಗಳ ಈ ಗುಡಿಯು ಬೇಲೂರಿಗಿಂತಲೂ ಹಳೆಯದು. ರಾಜನದಲ್ಲ, ದಂಡನಾಯಕನದಲ್ಲ, ವ್ಯಾಪಾರಮಾಡಿ ಬದುಕಿದ ಗೃಹಸ್ಥ ದಂಪತಿಗಳದು. ಕಟ್ಟಿದ ಶಿಲ್ಪಿಯ ಹೆಸರು ಮಲ್ಲೋಜ ಮಾಣಿಯೋಜ. ಪ್ರಾಕ್ತನವಿಮರ್ಶೆಯ ಅಧಿಕಾರಿಗಳಾಗಿದ್ದ ಆರ್. ನರಸಿಂಹಾಚಾರ್ಯರು 1919ರಲ್ಲಿ ಈ ಒಂದು ಗುಡಿಗಾಗಿಯೇ ಪ್ರತ್ಯೇಕ ಗ್ರಂಥವನ್ನು ಹೊರಡಿಸಿದರು. ಅದೇ ವರ್ಷ ಬೇಲೂರಿನ ಕೇಶವ ದೇವಾಲಯಕ್ಕೂ ಒಂದು. ಆ ವಿದ್ವಾಂಸರ ತಕ್ಕಡಿಯಲ್ಲಿ ಎರಡೂ ಒಂದೇ ತೂಕದವಾಗಿದ್ದುವು. ಈ ಗುಡಿಯ ಕಾಳಿಯ ವಿಗ್ರಹವು 2020ರ ನವೆಂಬರಿನಲ್ಲಿ ಒಡೆದು ಬಿದ್ದಿರುವುದು ಕಂಡುಬಂದಿತು. ಒಂಬತ್ತು ಶತಮಾನಗಳ ಮಳೆಗಾಳಿಗಳನ್ನು ತಡೆದ ಕಲ್ಲು, ನೋಡುವ ಕಣ್ಣುಗಳು ಸಾಲದೆ ಹೋದುದರಿಂದ ಮುರಿಯಿತೆಂದರೆ ಅತಿಶಯೋಕ್ತಿಯಾಗಲಾರದು.

ಚನ್ನರಾಯಪಟ್ಟಣದ ಸೀಮೆಯೇ ಈ ವಿಷಯದಲ್ಲಿ ಎಲ್ಲಕ್ಕಿಂತ ಸಂಪನ್ನವಾದದ್ದು. ಅಲ್ಲಿಯ ನುಗ್ಗೇಹಳ್ಳಿಯಲ್ಲಿ ಬೊಮ್ಮಣ್ಣ ದಂಡನಾಯಕನು 1246ರಲ್ಲಿ ಕಟ್ಟಿಸಿದ ಲಕ್ಷ್ಮೀನರಸಿಂಹ ದೇವಾಲಯವಿದೆ. ಹೊರಗೋಡೆಯ ಸಾಲುವಿಗ್ರಹಗಳನ್ನು ನೋಡುತ್ತ ಸುತ್ತುಬರುವವನು ಪೀಠಗಳ ಮೇಲೆಯೂ ಕಣ್ಣಿಡಬೇಕು. ಅಲ್ಲಿ ಶಿಲ್ಪಿಗಳು ತಮ್ಮ ಹೆಸರುಗಳನ್ನು ಕೊರೆದಿದ್ದಾರೆ. ದಕ್ಷಿಣದ ಕಡೆಯದು ನಂದಿಯ ಬೈಚೋಜನ ಕೆಲಸ, ಉತ್ತರದ ಕಡೆಯದು ಮಲ್ಲಿತಮ್ಮನ ಕೆಲಸ. ಒಂದೇ ಗುಡಿಯನ್ನು ಇಬ್ಬರು ಹಂಚಿಕೊಂಡು, ಒಬ್ಬೊಬ್ಬರೂ ತಮ್ಮ ಪಾಲಿಗೆ ಬಂದ ಗೋಡೆಯಲ್ಲಿ ತಮ್ಮ ಕೈಯನ್ನು ತೋರಿಸಿದ್ದಾರೆ. ಒಬ್ಬನ ಗೋಡೆಯನ್ನು ನೋಡಿ ಮುಗಿಸಿ ಮತ್ತೊಬ್ಬನದಕ್ಕೆ ತಿರುಗಿದಾಗ ಮುಖದ ಅಚ್ಚು, ಮೈಯ ಬಾಗು, ಒಡವೆಯ ಭಾರ ಇವುಗಳಲ್ಲಿ ವ್ಯತ್ಯಾಸವನ್ನು ಹುಡುಕುವ ಅವಕಾಶವು ನೋಟಕನಿಗೆ ದೊರೆಯುತ್ತದೆ. ಇಬ್ಬರು ಚಿತ್ರಕಾರರ ಕೃತಿಗಳನ್ನು ಎದುರುಬದುರಾಗಿ ತೂಗುಹಾಕುವ ಈಗಿನ ಪ್ರದರ್ಶನಗಳಲ್ಲಿ ಇದಕ್ಕಿಂತ ಹೆಚ್ಚಿನದೇನಿದೆ?

ಮಲ್ಲಿತಮ್ಮನೆಂಬ ಹೆಸರು 1196ರ ಅಮೃತಾಪುರದಲ್ಲಿಯೂ ಉಂಟು, 13ನೆಯ ಶತಮಾನದ ಉತ್ತರಾರ್ಧಕ್ಕೆ ಸೇರಿದ ಸೋಮನಾಥಪುರದಲ್ಲಿಯೂ ಉಂಟು. ಅರುವತ್ತು ವರ್ಷಗಳಿಗೂ ಮೀರಿದ ಈ ಅವಧಿಯಲ್ಲಿ ಉಳಿ ಹಿಡಿದವನು ಒಬ್ಬನೇ ಮಲ್ಲಿತಮ್ಮನೋ, ಅಜ್ಜನ ಹೆಸರನ್ನು ಹೊತ್ತ ಮೊಮ್ಮಗನೂ ಇದ್ದನೋ ಎಂದು ವಿದ್ವಾಂಸರು ಚರ್ಚಿಸಿರುವುದುಂಟು. ಹೆಸರೇ ತಿಳಿಯದ ಶಿಲ್ಪಿಗಳ ನಾಡೆಂದು ಭಾರತವನ್ನು ವರ್ಣಿಸುವವರು ನುಗ್ಗೇಹಳ್ಳಿಗೆ ಬಂದು ಹೋಗಬೇಕು. ಅಲ್ಲಿಯೇ ಸಮೀಪದಲ್ಲಿ 1249ರ ಸದಾಶಿವ ದೇವಾಲಯವೂ ಇದೆ. ಅದರಲ್ಲಿ ವಿಗ್ರಹಗಳ ಆಡಂಬರವಿಲ್ಲ, ಶಿಖರದ ಕಟ್ಟಡವೇ ಅದರ ಸೊಗಸು.

ಶ್ರವಣಬೆಳಗೊಳಕ್ಕೆ ಬಂದರೆ ಕಣ್ಣೆಲ್ಲ ಬೆಟ್ಟದ ಮೇಲೆಯೇ. ಸುಮಾರು 58 ಅಡಿಗಳ ಗೊಮ್ಮಟನನ್ನು ಕಂಡ ಮೇಲೆ ಮತ್ತೇನನ್ನು ನೋಡುವುದೆಂದು ಯಾತ್ರಿಕನು ಭಾವಿಸುವುದು ಸಹಜ. ಎದುರಿನ ಚಿಕ್ಕಬೆಟ್ಟದ ಚಂದ್ರಗುಪ್ತ ಬಸದಿಯಲ್ಲಿ ಬಾಗಿಲಿನ ಎರಡು ಪಕ್ಕಗಳಲ್ಲಿ ಕಲ್ಲಿನ ಜಾಲಂಧ್ರಗಳಿವೆ. ಅವುಗಳಲ್ಲಿ ಭದ್ರಬಾಹು ಚಂದ್ರಗುಪ್ತರ ಕಥೆಯನ್ನು ಒಟ್ಟು 90 ಪುಟ್ಟ ಚೌಕಗಳಲ್ಲಿ ಕೊರೆದಿದೆ. ದಾಸೋಜನೆಂಬ ಶಿಲ್ಪಿಯ ಹೆಸರೂ ಅಲ್ಲಿದೆ. ಮಹಾಮೂರ್ತಿಯನ್ನು ನೋಡಿ ಕತ್ತೆತ್ತಿ ಕತ್ತೆತ್ತಿ ಬಳಲಿದವನು ಇಲ್ಲಿ ಬಗ್ಗಿ, ಮೂಗು ತಾಗುವಷ್ಟು ಸಮೀಪದಲ್ಲಿ ನಿಂತು ನೋಡಬೇಕಾಗುತ್ತದೆ.

ಆದರೆ ಊರಿನ ಒಳಗಿನ ಜೈನಮಠವೇ ಈ ಲೇಖನಕ್ಕೆ ಮುಖ್ಯವಾದದ್ದು. ಇದು ಗುರುಪೀಠ, ಸರ್ಕಾರದ ಸಂಗ್ರಹಾಲಯವಲ್ಲ. ಇದರ ಗೋಡೆಗಳ ಮೇಲೆ ಜಿನರ ಮತ್ತು ಜೈನರಾಜರ ಚರಿತ್ರೆಗಳು ವರ್ಣಗಳಲ್ಲಿ ಬರೆಯಲ್ಪಟ್ಟಿವೆ. ಪಾರ್ಶ್ವನಾಥನ ಭವಾವಳಿ, ನಾಗಕುಮಾರನ ಕಥೆ, ಪಂಚಪರಮೇಷ್ಠಿಗಳು, ಇವುಗಳೊಡನೆ ಮೈಸೂರಿನ ದಸರಾ ದರ್ಬಾರಿನ ಚಿತ್ರವೂ ಸೇರಿಕೊಂಡಿದೆ. ದರ್ಬಾರಿನಲ್ಲಿ ಕುಳಿತಿರುವ ಪ್ರಭುವು ಮುಮ್ಮಡಿ ಕೃಷ್ಣರಾಜ ಒಡೆಯರೆಂದು ನರಸಿಂಹಾಚಾರ್ಯರು ಗುರುತಿಸಿದರು. ಯಾತ್ರಿಕರ ಕೈಪಿಡಿಗಳಲ್ಲಿ ಈ ಚಿತ್ರಗಳನ್ನು 18ನೆಯ ಶತಮಾನದವೆಂದು ಬರೆಯುವ ರೂಢಿಯುಂಟು. ಮುಮ್ಮಡಿಯವರಿಗೆ ಪಟ್ಟವಾದದ್ದು 1799ರಲ್ಲಿ, ಆಗ ಅವರಿನ್ನೂ ಬಾಲಕರು. ಆಚಾರ್ಯರ ಗುರುತು ಸರಿಯಾಗಿದ್ದರೆ, ಆ ಒಂದು ಫಲಕವಾದರೂ 19ನೆಯ ಶತಮಾನಕ್ಕೆ ಸೇರಬೇಕು. ಕೈಪಿಡಿಯ ಮಾತನ್ನು ಹಾಗೆಯೇ ಒಪ್ಪುವುದಕ್ಕೆ ಮುಂಚೆ ಗೋಡೆಯನ್ನೊಮ್ಮೆ ನೋಡುವುದು ಲೇಸು.

ಈ ಚಿತ್ರಗಳಲ್ಲೆಲ್ಲ ಮನಸ್ಸನ್ನು ಹಿಡಿದು ನಿಲ್ಲಿಸುವುದು ಷಡ್ಲೇಶ್ಯೆಗಳ ವೃಕ್ಷ. ಹಸಿದ ಆರು ಮಂದಿ ಹಣ್ಣಿನ ಮರವೊಂದನ್ನು ಕಾಣುತ್ತಾರೆ. ಕೃಷ್ಣಲೇಶ್ಯೆಯವನು ಮರವನ್ನು ಬೇರುಸಹಿತ ಕಡಿಯಬೇಕೆನ್ನುತ್ತಾನೆ. ನೀಲಲೇಶ್ಯೆಯವನಿಗೆ ಕಾಂಡ ಸಾಕು. ಕಪೋತದವನಿಗೆ ಕೊಂಬೆ, ಪೀತದವನಿಗೆ ರೆಂಬೆ. ಪದ್ಮದವನು ಹಣ್ಣನ್ನು ಮಾತ್ರ ಕೀಳಬೇಕೆನ್ನುತ್ತಾನೆ. ಶುಕ್ಲಲೇಶ್ಯೆಯವನು ನೆಲಕ್ಕೆ ತಾನಾಗಿ ಉದುರಿದ್ದನ್ನು ಆರಿಸಿಕೊಳ್ಳುತ್ತಾನೆ. ಶಾಸ್ತ್ರವು ಆತ್ಮದ ಬಣ್ಣಗಳೆಂದು ಹೇಳಿದುದನ್ನು ಚಿತ್ರಕಾರನು ನಿಜವಾಗಿ ಬಣ್ಣದಲ್ಲಿ ಹೇಳುವ ಅವಕಾಶವನ್ನು ಬಿಡಲಿಲ್ಲ. ಓದುಬಾರದ ಹಳ್ಳಿಯವನೂ ಪಂಡಿತನೂ ಒಟ್ಟಿಗೆ ನಿಂತು ಅರ್ಥಮಾಡಿಕೊಳ್ಳಬಹುದಾದ ಚಿತ್ರ ಇದು. ಈಗಿನ ಚಿತ್ರಶಾಲೆಗಳಲ್ಲಿ ಪಟದ ಪಕ್ಕದ ಚೀಟಿಯನ್ನು ಓದದೆ ಮುಂದೆ ಸಾಗಲಾರದ ವಿದ್ಯಾವಂತರಿಗೆ ಇದು ಸ್ವಲ್ಪ ಸೋಜಿಗವಾಗಿ ತೋರಬಹುದು.

ಮಠದ ಮತ್ತೊಂದು ಸಂಪತ್ತು ಲೋಹದ ಜಿನಬಿಂಬಗಳು. ಇವು ಒಬ್ಬ ರಸಿಕನು ಸಂತೆಯಲ್ಲಿ ಆರಿಸಿ ಕೊಂಡುತಂದವಲ್ಲ. ಭಕ್ತರು ನೋಂಪಿಗಳ ಉದ್ಯಾಪನೆಗೆಂದೂ ಪುಣ್ಯಾರ್ಥವಾಗಿಯೂ ಒಂದೊಂದಾಗಿ ತಂದೊಪ್ಪಿಸಿದವು. ಹಲವು ಬಿಂಬಗಳ ಮೇಲೆ ಗ್ರಂಥಾಕ್ಷರಗಳಲ್ಲಿಯೂ ತಮಿಳಿನಲ್ಲಿಯೂ ಬರೆಹಗಳಿವೆ. ತಂಜಾವೂರು, ಕುಂಭಕೋಣಗಳ ಕಡೆಯ ಜೈನರು 19ನೆಯ ಶತಮಾನದ ನಡುಭಾಗದಲ್ಲಿ ಕೊಟ್ಟವೆಂಬುದು ಅವುಗಳಿಂದ ತಿಳಿಯುತ್ತದೆ. ಕಾವೇರಿಯ ಕೆಳಗಣ ಬಯಲಿನಲ್ಲಿ ಎರಕವಾದ ಮೂರ್ತಿಯು ಚನ್ನರಾಯಪಟ್ಟಣದ ಸೀಮೆಯವರೆಗೆ ಬಂದು ನಿಂತುದು ಹೇಗೆಂಬುದು ಪೀಠದ ಮೇಲಿನ ಎರಡು ಸಾಲುಗಳಲ್ಲಿ ಉಳಿದಿದೆ. ಸಂಗ್ರಹದ ಚರಿತ್ರೆ ತಿಳಿಯದ ವಸ್ತುವು ಅರ್ಧ ಮೂಕ. ಈ ಬಿಂಬಗಳು ಮೂಕವಲ್ಲ.

ಇವುಗಳನ್ನು ಲೋಕಕ್ಕೆ ಓದಿ ಹೇಳಿದ ಶ್ರಮವೂ ಸ್ಮರಣೀಯ. ಲೂಯಿ ರೈಸ್ ಸಾಹೇಬರು 1889ರಲ್ಲಿ ಬೆಳಗೊಳದ 144 ಶಾಸನಗಳನ್ನು ಪ್ರಕಟಿಸಿದ್ದರು. ನರಸಿಂಹಾಚಾರ್ಯರ 1923ರ ಆವೃತ್ತಿಯಲ್ಲಿ ಅವು 500 ಆದುವು. ಮೊದಲಿನ ಓದು ಬಂಡೆಗಳನ್ನು ನೋಡಿತು, ಎರಡನೆಯದು ಬಾಗಿಲುಗಳನ್ನೂ ತಟ್ಟಿತು ಎನ್ನಬಹುದು. ಮಠದವರು ಬೀಗ ತೆಗೆದು ಬಿಂಬಗಳನ್ನು ತೋರಿಸದಿದ್ದರೆ ಅವುಗಳ ಬರೆಹಗಳು ಅಚ್ಚಾಗುತ್ತಿರಲಿಲ್ಲ.

ಹೊಳೆನರಸೀಪುರ, ಅರಕಲಗೂಡುಗಳ ವಿಷಯದಲ್ಲಿ ಹೇಳಬೇಕಾದದ್ದು ಸ್ವಲ್ಪ. ಮೊದಲನೆಯದರಲ್ಲಿ ಹೊಯ್ಸಳರ ಕಾಲದ ಲಕ್ಷ್ಮೀನರಸಿಂಹ ದೇವಾಲಯವಿದೆ. ಎರಡನೆಯ ಸೀಮೆಗೆ ಕಲ್ಲಿಗಿಂತ ನಾದವೇ ಒಲಿದಂತೆ ಕಾಣುತ್ತದೆ. ಕಾವೇರಿಯ ತಡಿಯ ರುದ್ರಪಟ್ಟಣವು ಸಂಗೀತಗಾರರ ಊರೆಂದು ಹೆಸರಾಗಿದೆ, ಆರ್. ಕೆ. ಶ್ರೀಕಂಠನ್ ಅವರು ಅಲ್ಲಿಯವರು. ಅರ್ಥಶಾಸ್ತ್ರವನ್ನು ಓಲೆಗರಿಗಳಿಂದ ಎತ್ತಿ 1909ರಲ್ಲಿ ಅಚ್ಚು ಹಾಕಿಸಿದ ಶಾಮಶಾಸ್ತ್ರಿಗಳೂ ಆ ಊರಿನವರೇ. ಆ ಓಲೆಗರಿಗಳ ಕಟ್ಟನ್ನು ಮೈಸೂರಿನ ಪುಸ್ತಕಭಂಡಾರಕ್ಕೆ ತಂದುಕೊಟ್ಟವರು ತಂಜಾವೂರಿನ ಕಡೆಯ ಒಬ್ಬ ಪಂಡಿತರು. ಮನೆಯ ಅಟ್ಟದ ಮೇಲಣ ಗಂಟೊಂದು ಹೊರಕ್ಕೆ ಬಂದುದರಿಂದ ಇಡೀ ದೇಶದ ಚರಿತ್ರೆಯನ್ನೇ ಬೇರೆಯಾಗಿ ಬರೆಯಬೇಕಾಯಿತು.

ಹೊರಕ್ಕೆ ತರುವುದರಲ್ಲಿ ಅಪಾಯವಿಲ್ಲವೆಂದಲ್ಲ. 2013ರಲ್ಲಿ ಮೂಡಬಿದಿರೆಯ ಬಸದಿಯಿಂದ ಬೆಲೆಯಿಲ್ಲದ ಬಿಂಬಗಳು ಕಳುವಾದ ಮೇಲೆ, ತೋರಿಸುವವರ ಕೈ ಹಿಂದೆ ಸರಿದರೆ ತಪ್ಪೆನ್ನುವುದು ಕಷ್ಟ. ಗದ್ದವಳ್ಳಿಯಲ್ಲಿ ಯಾರೂ ನೋಡದುದರಿಂದ ಹಾನಿ. ಮೂಡಬಿದಿರೆಯಲ್ಲಿ ನೋಡಿದುದರಿಂದಲೇ ಆಸೆ ಹುಟ್ಟಿತೋ ಏನೋ. ಮಠಗಳಲ್ಲಿಯೂ ಮನೆಗಳಲ್ಲಿಯೂ ಇರುವ ವಸ್ತುಗಳಿಗೆ ಮೊದಲು ಪಟ್ಟಿಯಾಗಬೇಕು. ಅಳತೆ, ಬರೆಹ, ಛಾಯಾಚಿತ್ರ, ಕೊಟ್ಟವರ ಹೆಸರು ಇವಿಷ್ಟು ದಾಖಲೆಯಾದರೆ ಕಳ್ಳಮಾಲು ಮಾರುವುದು ಸುಲಭವಾಗಲಾರದು. ಮೈಸೂರು ಶೈಲಿಯ ಚಿನ್ನದ ರೇಕಿನ ದೇವರ ಪಟಗಳು ಹಳೆಯ ಮನೆಗಳ ಪೂಜೆಯ ಕೋಣೆಯಲ್ಲಿ ಹೊಗೆ ಹಿಡಿಯುತ್ತಿರುವುದುಂಟು. ಮನೆ ಪಾಲಾಗುವಾಗ ಪಾತ್ರೆಪದಾರ್ಥಗಳಿಗೆ ಲೆಕ್ಕವಿರುತ್ತದೆ, ಪಟಕ್ಕೆ ಇರುವುದಿಲ್ಲ.

ಹಾಸನಾಂಬೆಯ ಬಾಗಿಲು ವರ್ಷಕ್ಕೊಮ್ಮೆ, ಆಶ್ವಯುಜ ಮಾಸದಲ್ಲಿ, ಕೆಲವೇ ದಿವಸ ತೆರೆಯುತ್ತದೆ. ಆಗ ಸಾಲುಗಟ್ಟಿ ನಿಲ್ಲುವ ಜನಕ್ಕೆ ಮಿತಿಯಿಲ್ಲ. ನುಗ್ಗೇಹಳ್ಳಿಯ ಗೋಡೆಗಳಿಗೆ ಇಂತಹ ನಿಯಮವಿಲ್ಲ. ಬೈಚೋಜನ ಹೆಸರು ದಕ್ಷಿಣದ ಕಡೆ, ಮಲ್ಲಿತಮ್ಮನ ಹೆಸರು ಉತ್ತರದ ಕಡೆ.