ಡಬ್ಬಿಯ ಸದ್ದು: ಎಚ್‌ಐವಿ ತಡೆ ಮಾತ್ರೆಯ ಚರಿತ್ರೆ

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ತಾಲ್ಲೂಕುಗಳಲ್ಲಿ ಎಚ್‌ಐವಿಯ ಚರಿತ್ರೆ ಹುಡುಕುವವರು ಮೊದಲು ಕೋಲಾರದ ಕಡತ ತೆರೆಯಬೇಕು. 2007ರಲ್ಲಿ ಚಿಕ್ಕಬಳ್ಳಾಪುರ ಹೊಸ ಜಿಲ್ಲೆ ಆಗುವವರೆಗೆ ಇಲ್ಲಿನ ಲೆಕ್ಕವೆಲ್ಲ ಕೋಲಾರದ ಲೆಕ್ಕದಲ್ಲೇ ಸೇರಿದೆ. ಹೈದರಾಬಾದಿನ ಹೆದ್ದಾರಿ, ಹಿಂದೂಪುರದ ಕಡೆ ಹೋಗುವ ರೈಲು, ಟೊಮೇಟೊ ಮಂಡಿ, ರೇಷ್ಮೆಗೂಡಿನ ಮಾರುಕಟ್ಟೆ ಇವೆಲ್ಲ ಇರುವ ಸೀಮೆ ಇದು. ಮನೆಯಿಂದ ದೂರ ರಾತ್ರಿ ಕಳೆಯುವ ದುಡಿಮೆ ಇಲ್ಲಿ ಹೊಸದಲ್ಲ. ಸೋಂಕು ಹೆಚ್ಚಿದ್ದ ಆರು ರಾಜ್ಯಗಳಲ್ಲಿ ಕರ್ನಾಟಕವೂ ಒಂದೆಂದು ಗುರುತಾಗಿದ್ದ ಕಾಲದಲ್ಲಿ, ಕನ್ನಡ ತೆಲುಗು ಎರಡನ್ನೂ ಆಡುವ ಈ ಊರುಗಳಿಗೆ ತಲುಪಿದ ಉಪಾಯಗಳು ಪರೀಕ್ಷೆ ಮತ್ತು ಕಾಂಡೋಮ್. ಸೋಂಕು ಬರುವ ಮೊದಲೇ ನುಂಗುವ ಮಾತ್ರೆ ಬಂದದ್ದು ಬಹಳ ತಡವಾಗಿ.

ಆ ಮಾತ್ರೆಯ ಹಿಂದಿನ ಯೋಚನೆ ಮಾತ್ರ ಹಳೆಯದು. ತಾಯಿಗೆ ಹೆರಿಗೆಯ ಹೊತ್ತಿಗೆ, ಮಗುವಿಗೆ ಹುಟ್ಟಿದ ಮೇಲೆ ಒಂದೊಂದು ಸಲ ನೆವಿರಪಿನ್ ಎಂಬ ಔಷಧ ಕೊಟ್ಟರೆ ಮಗುವಿಗೆ ಸೋಂಕು ತಗಲುವುದು ಸುಮಾರು ಅರ್ಧದಷ್ಟು ತಗ್ಗುತ್ತದೆ ಎಂದು 1999ರಲ್ಲೇ ಉಗಾಂಡಾದ ಅಧ್ಯಯನ ತೋರಿಸಿತ್ತು. ಪ್ರಾಗ್‌ನ ರಸಾಯನಶಾಸ್ತ್ರಜ್ಞ ಆಂಟೊನಿನ್ ಹೋಲಿ ಮೊದಲು ತಯಾರಿಸಿದ ಟೆನೊಫೊವಿರ್ ಎಂಬ ಔಷಧ ಮಂಗಗಳಲ್ಲಿ ಸೋಂಕನ್ನು ತಡೆಯಿತೆಂದು 1995ರಲ್ಲಿ ವರದಿಯಾಯಿತು. ಮುಂದಿನ ಹೆಜ್ಜೆಯಲ್ಲಿ ಎಡವಟ್ಟಾಯಿತು. ಕಾಂಬೋಡಿಯಾದ ಲೈಂಗಿಕ ಕಾರ್ಯಕರ್ತೆಯರ ಮೇಲೆ ಪ್ರಯೋಗ ನಡೆಸಲು ಹೊರಟಾಗ ಅವರು ಒಂದು ಪ್ರಶ್ನೆ ಎತ್ತಿದರು: ಅಡ್ಡಪರಿಣಾಮವಾದರೆ ಮುಂದೆ ನಮ್ಮನ್ನು ನೋಡಿಕೊಳ್ಳುವವರು ಯಾರು? ಸರಿಯಾದ ಉತ್ತರ ಸಿಗಲಿಲ್ಲ. 2004ರಲ್ಲಿ ಸರ್ಕಾರವೇ ಪ್ರಯೋಗ ನಿಲ್ಲಿಸಿತು. ಅವರು ವಿಜ್ಞಾನಕ್ಕೆ ಅಡ್ಡಿಯಾದರು ಎಂದು ಬರೆದವರಿದ್ದಾರೆ; ನಾನು ಒಪ್ಪುವುದಿಲ್ಲ. ಮಾತ್ರೆ ನುಂಗಬೇಕಾದವರು ಕೇಳಲೇಬೇಕಾದ ಪ್ರಶ್ನೆ ಅದು.

2010ರ ಐಪ್ರೆಕ್ಸ್ ಅಧ್ಯಯನದಲ್ಲಿ 2,499 ಮಂದಿ ಇದ್ದರು. ಟೆನೊಫೊವಿರ್ ಜೊತೆ ಎಮ್ಟ್ರಿಸಿಟಬಿನ್ ಸೇರಿದ ದಿನದ ಮಾತ್ರೆಯಿಂದ ಸೋಂಕು ಒಟ್ಟಾರೆ ಶೇ. 44ರಷ್ಟು ತಗ್ಗಿತು, ರಕ್ತದಲ್ಲಿ ಔಷಧ ಕಂಡುಬಂದವರಲ್ಲಿ ರಕ್ಷಣೆ ಶೇ. 92. ಮರುವರ್ಷ ಆಫ್ರಿಕಾದ ಮಹಿಳೆಯರ ಫೆಮ್-ಪ್ರೆಪ್ ಅಧ್ಯಯನ ವಿಫಲವಾಯಿತು, ಏಕೆಂದರೆ ಔಷಧ ಕಂಡುಬಂದದ್ದು ಹತ್ತರಲ್ಲಿ ನಾಲ್ವರಿಗಿಂತ ಕಡಿಮೆ ಮಂದಿಯ ರಕ್ತದಲ್ಲಿ. ಅಲ್ಲಿ ಸೋತದ್ದು ಔಷಧವಲ್ಲ. ಅಮೆರಿಕ 2012ರಲ್ಲಿ ಮಾತ್ರೆಗೆ ಅನುಮತಿ ಕೊಟ್ಟಿತು. 2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೆಚ್ಚಿನ ಅಪಾಯವಿರುವ ಎಲ್ಲರಿಗೂ ಇದನ್ನು ಶಿಫಾರಸು ಮಾಡಿತು.

ಈ ಚರಿತ್ರೆಯ ಕನ್ನಡ ಅಧ್ಯಾಯ ನಡೆದದ್ದು ಮೈಸೂರಿನಲ್ಲಿ. 2004ರ ಸಮೀಕ್ಷೆಯಲ್ಲಿ ಅಲ್ಲಿನ ಲೈಂಗಿಕ ಕಾರ್ಯಕರ್ತೆಯರ ಪೈಕಿ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಸೋಂಕಿತ್ತು. ಆ ಹೊತ್ತಿಗೆ ಶುರುವಾದ ಕೆಲಸದಿಂದಲೇ ಬೆಳೆದದ್ದು ಆ ಮಹಿಳೆಯರದೇ ಸಂಘಟನೆ, ಆಶೋದಯ ಸಮಿತಿ. ತಡೆ ಮಾತ್ರೆಯ ಮಾತು ಬಂದಾಗ ಅವರು ತಕ್ಷಣ ಹಂಚಲು ಹೊರಡಲಿಲ್ಲ. ಮೊದಲು ತಮ್ಮೊಳಗೇ ಕೂತು ಮಾತಾಡಿದರು. ಯಾರಿಗೆ ಅಪಾಯ ಹೆಚ್ಚು, ಯಾರಿಗೆ ಮೊದಲು ಕೊಡಬೇಕು ಎಂಬುದನ್ನೂ ಸಮುದಾಯವೇ ಚರ್ಚಿಸಿತು. 2016ರಲ್ಲಿ ಆರಂಭವಾದ ಯೋಜನೆಗೆ ಮೈಸೂರಿನಲ್ಲಿ 647, ಕೋಲ್ಕತ್ತದಲ್ಲಿ ಲೈಂಗಿಕ ಕಾರ್ಯಕರ್ತೆಯರ ದುರ್ಬಾರ್ ಸಂಘಟನೆಯ ಮೂಲಕ 678 ಮಹಿಳೆಯರು ಸೇರಿದರು. ಮೈಸೂರಿನಲ್ಲಿ ಬಹುತೇಕ ಎಲ್ಲರೂ ಕೊನೆಯವರೆಗೆ ಉಳಿದರು. ಒಬ್ಬರಿಗೂ ಹೊಸದಾಗಿ ಸೋಂಕು ತಗಲಲಿಲ್ಲ. ಆಫ್ರಿಕಾದಲ್ಲಿ ಸೋತ ಕಡೆ ಮೈಸೂರು ಗೆದ್ದದ್ದು ಹೇಗೆಂದು ಕೇಳಿದರೆ, ನನ್ನ ಉತ್ತರ ಇಷ್ಟೇ: ನೆನಪಿಸುವವಳೂ ನುಂಗುವವಳೂ ಒಂದೇ ಬೀದಿಯವರಾಗಿದ್ದರು.

ಮಾತ್ರೆಯ ಡಬ್ಬಿಯನ್ನು ಕೈಯಲ್ಲಿ ಹಿಡಿದು ನೋಡಿದವರಿಗೆ ಅಂಥ ನೆನಪಿಸುವವಳು ಏಕೆ ಬೇಕೆಂಬುದು ಬೇಗ ಅರ್ಥವಾಗುತ್ತದೆ. ಬಿಳಿ ಪ್ಲಾಸ್ಟಿಕ್ ಡಬ್ಬಿ, ಒಳಗೆ ಮೂವತ್ತು ಮಾತ್ರೆ. ಚೀಲದಲ್ಲಿಟ್ಟು ನಡೆದರೆ ಗಿಲಕಿಯ ಹಾಗೆ ಸದ್ದು. ಎಚ್‌ಐವಿ ಇರುವವರ ಚಿಕಿತ್ಸೆಯಲ್ಲೂ ಟೆನೊಫೊವಿರ್ ಇರುವುದರಿಂದ, ಹೆಸರು ಓದಿದವರು ‘ಇವಳಿಗೆ ಆ ಕಾಯಿಲೆ ಇದೆ’ ಎಂದುಕೊಂಡುಬಿಡಬಹುದು. ಸೋಂಕಿಲ್ಲದವಳಿಗೂ ಸೋಂಕಿನ ಅಪವಾದ! ಸೀರೆಯ ಮಡಿಕೆಯಲ್ಲೋ ಅಕ್ಕಿ ಡಬ್ಬದ ಹಿಂದೆಯೋ ಬಚ್ಚಿಟ್ಟ ಮಾತ್ರೆ ಮರೆತುಹೋಗುವುದು ಸುಲಭ.

ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆ 2022ರಲ್ಲಿ ಈ ತಡೆ ಮಾತ್ರೆಗೆ ಮಾರ್ಗಸೂಚಿ ತಂದಿತು. ಶುರು ಮಾಡುವ ಮೊದಲು ಸೋಂಕಿಲ್ಲವೆಂದು ಖಚಿತವಾಗಬೇಕು, ಮೂತ್ರಪಿಂಡದ ಪರೀಕ್ಷೆ ಆಗಬೇಕು. ಆಮೇಲೆ ಮೂರು ತಿಂಗಳಿಗೊಮ್ಮೆ ಮತ್ತೆ ಎಚ್‌ಐವಿ ಪರೀಕ್ಷೆ. ಬೇರೆ ಗುಹ್ಯರೋಗಗಳನ್ನು ಈ ಮಾತ್ರೆ ತಡೆಯುವುದಿಲ್ಲವಾದ್ದರಿಂದ ಕಾಂಡೋಮ್ ಬಿಡುವಂತಿಲ್ಲ. ಆರು ತಿಂಗಳಿಗೊಮ್ಮೆ ಹಾಕುವ ಲೆನಕಾಪವಿರ್ ಚುಚ್ಚುಮದ್ದಿಗೆ 2025ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿದೆ. ಅದನ್ನು ಕಡಿಮೆ ಬೆಲೆಗೆ ತಯಾರಿಸಲು ಪರವಾನಗಿ ಪಡೆದವುಗಳಲ್ಲಿ ಹೈದರಾಬಾದಿನ ಕಂಪನಿಗಳೂ ಇವೆ. ಅದು ಬಂದರೆ ಬಚ್ಚಿಡಲು ಡಬ್ಬಿಯೇ ಇರುವುದಿಲ್ಲ.

ಮಾತ್ರೆಯಾಗಲಿ ಸೂಜಿಯಾಗಲಿ, ಚಿಕ್ಕಬಳ್ಳಾಪುರ ಸೀಮೆಯ ಈ ನಾಲ್ಕು ತಾಲ್ಲೂಕುಗಳಿಗೆ ತರುವವರು ಮೈಸೂರಿನವರ ಹಾಗೆ ಮೊದಲು ಕೂತು ಕೇಳಬೇಕು. ಶಿಡ್ಲಘಟ್ಟದ ಗೂಡಿನ ಹರಾಜು ಎಷ್ಟು ಹೊತ್ತಿಗೆ ಮುಗಿಯುತ್ತದೆ, ಚಿಂತಾಮಣಿಯ ಕಡೇ ಬಸ್ಸು ಯಾವಾಗ ಹೊರಡುತ್ತದೆ ಎಂದು ತಿಳಿದ ಹೆಂಗಸರೇ ಅದನ್ನು ಕೊಡುವ ಕೇಂದ್ರದ ಬಾಗಿಲು ತೆರೆಯುವ ಹೊತ್ತನ್ನು ಗೊತ್ತುಮಾಡಲಿ.