ಮುಂದೂಡುವ ಅಧಿಕಾರ ಎಲ್ಲಿಯವರೆಗೆ?

2020ರ ಮೇ ಕೊನೆಯಲ್ಲಿ ಕರ್ನಾಟಕ ರಾಜ್ಯ ಚುನಾವಣಾ ಆಯೋಗ ಕೋವಿಡ್‌ ಕಾರಣಕ್ಕೆ ಗ್ರಾಮ ಪಂಚಾಯಿತಿ ಚುನಾವಣೆಯನ್ನು ಮುಂದೂಡಿತು. ಅವಧಿ ಮುಗಿದ ಪಂಚಾಯಿತಿಗಳಿಗೆ ಆಡಳಿತಾಧಿಕಾರಿಗಳು ಬಂದರು. ನಲ್ಲಿಯಲ್ಲಿ ನೀರು ಬಾರದಿದ್ದರೆ, ಬೀದಿದೀಪ ಕೆಟ್ಟರೆ ಹೋಗಿ ಬಾಗಿಲು ತಟ್ಟಲು ಊರಲ್ಲಿ ಮೆಂಬರೇ ಇಲ್ಲದ ತಿಂಗಳುಗಳವು. ಸಾಂಕ್ರಾಮಿಕದ ಹೆಸರಿನಲ್ಲಿ ಚುನಾವಣಾಧಿಕಾರಿಗಳು ಎಷ್ಟು ದೂರ ಹೋಗಬಹುದು ಎಂಬ ಪ್ರಶ್ನೆ ನಮ್ಮ ಹಳ್ಳಿಗೇ ಬಂದು ನಿಂತಿತ್ತು.

ಈ ಪ್ರಶ್ನೆಗೆ ಅರ್ಧ ಉತ್ತರ ಕೋವಿಡ್‌ಗಿಂತ ಬಹಳ ಮೊದಲೇ ಸಿಕ್ಕಿತ್ತು. 1977ರಲ್ಲಿ ಪಂಜಾಬಿನ ಫಿರೋಜ್‌ಪುರದಲ್ಲಿ ಮತಎಣಿಕೆ ನಡೆಯುವಾಗ ಗುಂಪೊಂದು ನುಗ್ಗಿ ಮತಪತ್ರಗಳನ್ನು ನಾಶಮಾಡಿತು. ಕೇಂದ್ರ ಚುನಾವಣಾ ಆಯೋಗ ಇಡೀ ಕ್ಷೇತ್ರಕ್ಕೆ ಮರುಮತದಾನ ಘೋಷಿಸಿತು. ಮೊಹಿಂದರ್‌ ಸಿಂಗ್‌ ಗಿಲ್‌ ಪ್ರಕರಣವೆಂದು ಹೆಸರಾದ ಆ ವ್ಯಾಜ್ಯದಲ್ಲಿ ಸುಪ್ರೀಂ ಕೋರ್ಟ್‌ ಗೆರೆ ಎಳೆಯಿತು: ಕಾನೂನು ಮೌನವಾಗಿರುವ ಕಡೆ ಸಂವಿಧಾನದ 324ನೇ ವಿಧಿ ಆಯೋಗಕ್ಕೆ ವಿಶಾಲ ಅಧಿಕಾರ ಕೊಡುತ್ತದೆ, ಕಾನೂನು ಇರುವ ಕಡೆ ಆಯೋಗ ಅದರಂತೆಯೇ ನಡೆಯಬೇಕು. ಆದೇಶಕ್ಕೆ ಅಂದು ಬರೆಯದ ಕಾರಣಗಳನ್ನು ಆಮೇಲೆ ಕೋರ್ಟಿಗೆ ಬಂದು ಸೇರಿಸುವಂತಿಲ್ಲ ಎಂದೂ ಹೇಳಿತು. ನನ್ನ ಮಟ್ಟಿಗೆ ಈ ಎರಡನೆಯ ಮಾತೇ ಹೆಚ್ಚು ಬೆಲೆಯುಳ್ಳದ್ದು. ಬಿಕ್ಕಟ್ಟಿನ ಹೊತ್ತಿನಲ್ಲಿ ಅಧಿಕಾರಿಗಳು ಮೊದಲು ಮರೆಯುವುದು ಕಾರಣ ಬರೆದಿಡುವುದನ್ನೇ.

1984ರಲ್ಲಿ ಈ ಗೆರೆ ಇನ್ನಷ್ಟು ಗಟ್ಟಿಯಾಯಿತು. ಕೇರಳದ ಪರವೂರಿನ ಕೆಲವು ಮತಗಟ್ಟೆಗಳಲ್ಲಿ ಆಯೋಗ ತಾನಾಗಿಯೇ ಮತಯಂತ್ರ ಬಳಸಿತ್ತು. ಕಾನೂನಿನಲ್ಲಿ ಅದಕ್ಕೆ ಅವಕಾಶವಿಲ್ಲವೆಂದು ಕೋರ್ಟ್‌ ಆ ಮತಗಟ್ಟೆಗಳಲ್ಲಿ ಮರುಮತದಾನಕ್ಕೆ ಆದೇಶಿಸಿತು. 2006ರಲ್ಲಿ ಅಹಮದಾಬಾದ್‌ ಪಾಲಿಕೆಯ ಪ್ರಕರಣ ಬಂತು. ಸ್ಥಳೀಯ ಸಂಸ್ಥೆಗಳ ಐದು ವರ್ಷದ ಗಡಿ ದಾಟಬಾರದು, ವಿನಾಯಿತಿ ಪ್ರಕೃತಿ ವಿಕೋಪದಂಥ ಅಸಾಧಾರಣ ಸನ್ನಿವೇಶಕ್ಕೆ ಮಾತ್ರ ಎಂದಿತು ಪೀಠ.

ಕೋವಿಡ್‌ ಬಂದಾಗ ಇವೆಲ್ಲ ಒಟ್ಟಿಗೆ ಒರೆಗೆ ಬಿದ್ದವು. 2020ರ ಮಾರ್ಚ್‌ 26ರ ರಾಜ್ಯಸಭಾ ಮತದಾನವನ್ನು ಆಯೋಗ ಜನಪ್ರತಿನಿಧಿ ಕಾಯ್ದೆಯ 153ನೇ ಸೆಕ್ಷನ್‌ ಬಳಸಿ ಮುಂದೂಡಿ, ಜೂನ್‌ 19ಕ್ಕೆ ಮುಗಿಸಿತು. ಅದರಲ್ಲಿ ತಕರಾರಿಗೆ ಜಾಗವಿರಲಿಲ್ಲ.

ತಕರಾರು ಎದ್ದದ್ದು ಆಂಧ್ರಪ್ರದೇಶದಲ್ಲಿ. ಮಾರ್ಚ್‌ 15ರಂದು ರಾಜ್ಯ ಚುನಾವಣಾ ಆಯುಕ್ತ ಎನ್‌. ರಮೇಶ್‌ ಕುಮಾರ್‌ ಸ್ಥಳೀಯ ಚುನಾವಣೆಗಳನ್ನು ಆರು ವಾರ ಮುಂದಕ್ಕೆ ಹಾಕಿದರು. ಸರ್ಕಾರ ಸಿಟ್ಟಾಗಿ ಕೋರ್ಟಿಗೆ ಹೋಯಿತು. ಮೂರೇ ದಿನದಲ್ಲಿ ಸುಪ್ರೀಂ ಕೋರ್ಟ್‌ ಮುಂದೂಡಿಕೆಯಲ್ಲಿ ಕೈಹಾಕಲು ಒಪ್ಪಲಿಲ್ಲ. ಆದರೆ ಚುನಾವಣೆಯೇ ಇಲ್ಲದಿರುವಾಗ ನೀತಿ ಸಂಹಿತೆ ಏಕೆಂದು ಅದನ್ನು ತೆಗೆಸಿತು, ಹೊಸ ದಿನಾಂಕಕ್ಕೆ ಮುನ್ನ ಸರ್ಕಾರದ ಜೊತೆ ಸಮಾಲೋಚಿಸಿ ಎಂದಿತು. ಏಪ್ರಿಲ್‌ನಲ್ಲಿ ಸರ್ಕಾರ ಸುಗ್ರೀವಾಜ್ಞೆ ತಂದು ಆಯುಕ್ತರ ಅವಧಿ ಮೊಟಕುಗೊಳಿಸಿ ಅವರನ್ನು ಮನೆಗೆ ಕಳಿಸಿತು. ಮೇ 29ರಂದು ಹೈಕೋರ್ಟ್‌ ಅದನ್ನು ರದ್ದುಮಾಡಿತು. 2021ರ ಜನವರಿಯಲ್ಲಿ ಅದೇ ಆಯುಕ್ತರು ಚುನಾವಣೆ ಘೋಷಿಸಿದಾಗ, ಲಸಿಕೆ ಹಾಕುವ ಹೊತ್ತು, ಈಗ ಬೇಡ ಎಂದದ್ದು ಸರ್ಕಾರ! ಸುಪ್ರೀಂ ಕೋರ್ಟ್‌ ಅದನ್ನೂ ಒಪ್ಪಲಿಲ್ಲ. ಮುಂದೂಡಿದಾಗಲೂ ನಡೆಸಹೊರಟಾಗಲೂ ನಿರ್ಧಾರ ಆಯೋಗದ್ದೇ ಆಗಿ ಉಳಿಯಿತು, ಆಳುವವರ ಅನುಕೂಲದ್ದಾಗಲಿಲ್ಲ.

ಕರ್ನಾಟಕದಲ್ಲಿ ಅದೇ ಸೂತ್ರ ಇನ್ನೊಂದು ಮಗ್ಗುಲಿಂದ ಕಂಡಿತು. ಇಲ್ಲಿ ರಾಜ್ಯ ಆಯೋಗವೇ ಹಿಂದೇಟು ಹಾಕುತ್ತಿತ್ತು. ಅವಧಿ ಮುಗಿಯುವ ಮೊದಲೇ ಹೊಸ ಪಂಚಾಯಿತಿಗೆ ಚುನಾವಣೆ ಮುಗಿದಿರಬೇಕು ಎನ್ನುತ್ತದೆ 243-ಇ ವಿಧಿ. 2020ರ ನವೆಂಬರ್‌ನಲ್ಲಿ ಹೈಕೋರ್ಟ್‌ ಮೂರು ವಾರದಲ್ಲಿ ವೇಳಾಪಟ್ಟಿ ಪ್ರಕಟಿಸಿ ಎಂದಿತು. ಡಿಸೆಂಬರ್‌ 22 ಮತ್ತು 27ರಂದು ಐದು ಸಾವಿರಕ್ಕೂ ಹೆಚ್ಚು ಪಂಚಾಯಿತಿಗಳಿಗೆ ಮತದಾನ ನಡೆಯಿತು.

ವಿಧಾನಸಭೆಗಳ ಮಾತು ಬೇರೆ. ಅವುಗಳ ಅವಧಿಯನ್ನು ಸಂಸತ್ತು ವಿಸ್ತರಿಸಬಹುದಾದದ್ದು ತುರ್ತು ಪರಿಸ್ಥಿತಿ ಜಾರಿಯಲ್ಲಿದ್ದಾಗ ಮಾತ್ರ. ಅಂಥ ತುರ್ತು ಪರಿಸ್ಥಿತಿಗೆ ಕಾರಣ ಯುದ್ಧ, ಬಾಹ್ಯ ಆಕ್ರಮಣ ಅಥವಾ ಸಶಸ್ತ್ರ ದಂಗೆಯಾಗಿರಬೇಕು. ರೋಗ ಆ ಪಟ್ಟಿಯಲ್ಲಿಲ್ಲ. ಹಾಗಾಗಿ ಬಿಹಾರದ ಚುನಾವಣೆ 2020ರಲ್ಲೇ ನಡೆಯಿತು. ಮತಗಟ್ಟೆಗೆ ಒಂದು ಸಾವಿರ ಮತದಾರರ ಮಿತಿ, ಗುಂಡಿ ಒತ್ತುವ ಕೈಗೆ ಗ್ಲೌಸ್‌, ಸೋಂಕಿತರಿಗೆ ಕೊನೆಯ ಒಂದು ಗಂಟೆ: ಇವೆಲ್ಲ ಕೇಂದ್ರ ಆಯೋಗ ತನ್ನ ಅಧಿಕಾರದಲ್ಲೇ ಮಾಡಬಹುದಾದ ಬದಲಾವಣೆಗಳು. ಸೋಂಕಿತರಿಗೆ ಅಂಚೆ ಮತ ಕೊಡಲು ಮಾತ್ರ ಕೇಂದ್ರ ಸರ್ಕಾರ ನಿಯಮವನ್ನೇ ತಿದ್ದಬೇಕಾಯಿತು. ಪರವೂರಿನ ಪಾಠ ಮರೆತಿರಲಿಲ್ಲ.

ಇದ್ದ ಅಧಿಕಾರವನ್ನು ಬಳಸದಿರುವುದೂ ತಪ್ಪೇ ಎಂಬ ಪ್ರಶ್ನೆಗೆ ಕಾನೂನು ಇನ್ನೂ ಸರಿಯಾಗಿ ಉತ್ತರಿಸಿಲ್ಲ. ಎರಡನೇ ಅಲೆ ಏರುತ್ತಿದ್ದಾಗ ಪಶ್ಚಿಮ ಬಂಗಾಳದಲ್ಲಿ ರೋಡ್‌ಶೋಗಳನ್ನು, 500ಕ್ಕಿಂತ ಹೆಚ್ಚು ಜನರ ಸಭೆಗಳನ್ನು ಆಯೋಗ ನಿಷೇಧಿಸಿದ್ದು 2021ರ ಏಪ್ರಿಲ್‌ 22ರಂದು, ಎಂಟು ಹಂತಗಳಲ್ಲಿ ಆರು ಮುಗಿದ ಮೇಲೆ. ಮದ್ರಾಸ್‌ ಹೈಕೋರ್ಟ್‌ ಆಯೋಗದ ಮೇಲೆ ಕೊಲೆ ಆರೋಪದ ಮಾತಾಡಿತು. ಆ ಮಾತು ಕಟುವಾಯಿತೆಂದು ಸುಪ್ರೀಂ ಕೋರ್ಟ್‌ ಹೇಳಿತು. ಮಾತಿನ ಚರ್ಚೆ ಅಲ್ಲಿಗೆ ನಿಂತಿತು, ತಡವಾದದ್ದರ ಚರ್ಚೆ ಶುರುವಾಗಲೇ ಇಲ್ಲ.

ಅದೇ ತಿಂಗಳು ಉತ್ತರ ಪ್ರದೇಶದ ಪಂಚಾಯಿತಿ ಚುನಾವಣೆ ಹೈಕೋರ್ಟ್‌ ವಿಧಿಸಿದ ಗಡುವಿನ ಪ್ರಕಾರ ನಡೆಯಿತು. ಮತಗಟ್ಟೆ ಕೆಲಸ ಮುಗಿಸಿ ಮನೆಗೆ ಬಂದ ಶಿಕ್ಷಕರು ಜ್ವರ ಬಂದು ತೀರಿಕೊಂಡರು. ಕೆಲಸದ ಮೇಲಿದ್ದಾಗ ಸತ್ತರಷ್ಟೇ ಪರಿಹಾರ ಎನ್ನುತ್ತಿತ್ತು ಅಂದಿನ ನಿಯಮ. ಆ ಕುಟುಂಬಗಳೂ ಶಿಕ್ಷಕರ ಸಂಘಗಳೂ ಜಗ್ಗಾಡಿದ ಮೇಲೆ ಅದನ್ನು ಮೂವತ್ತು ದಿನಗಳಿಗೆ ವಿಸ್ತರಿಸಲಾಯಿತು.