ಬಲೆಯ ಸೂಜಿಯೋ, ಈಟಿಯ ಕೊಕ್ಕೆಯೋ?

ಪ್ರಾಚೀನ ಉಪಕರಣದ ಪ್ರಯೋಜನವನ್ನು ಆಕಾರಮಾತ್ರದಿಂದ ನಿರ್ಣಯಿಸಲಾಗದೆಂಬುದಕ್ಕೆ ಅಮೆರಿಕದ ಕೆಂಟಕಿ ಸಂಸ್ಥಾನದಲ್ಲಿ ಗ್ರೀನ್ ನದಿಯ ದಡದಲ್ಲಿರುವ ಇಂಡಿಯನ್ ನೋಲ್ ಉತ್ತಮ ನಿದರ್ಶನವಾಗಿದೆ. ೧೯೧೫ರಲ್ಲಿ ಕ್ಲಾರೆನ್ಸ್ ಮೂರ್ ಅವರು ಈ ಚಿಪ್ಪುದಿಬ್ಬದ ಸಮಾಧಿಗಳನ್ನು ಅಗೆಸಿದಾಗ, ರಂಧ್ರ ಕೊರೆದು ನಯಗೊಳಿಸಿದ ಕಲ್ಲುಗಳೂ ಜಿಂಕೆಗೊಂಬಿನ ಕೊಕ್ಕೆಗಳೂ ದೊರೆತವು. ಕೊಕ್ಕೆಯು ಬಲೆ ಹೆಣೆಯುವ ಸೂಜಿಯೆಂದೂ, ಕಲ್ಲು ಬಲೆಯ ಕಣ್ಣುಗಳನ್ನು ಸಮನಾಗಿಡುವ ಸಾಧನವೆಂದೂ ಅವರು ಊಹಿಸಿದರು. ನದೀತೀರದ ಜನರ ವಿಷಯದಲ್ಲಿ ಈ ಊಹೆ ಅಸಂಗತವೇನಲ್ಲ.

೧೯೩೯ರಿಂದ ೧೯೪೧ರವರೆಗೆ ಅಲ್ಲಿ ಮತ್ತೆ ಉತ್ಖನನ ನಡೆಯಿತು. ಭೌತವಿಜ್ಞಾನದ ಪ್ರಾಧ್ಯಾಪಕರೂ ಆಗಿದ್ದ ವಿಲಿಯಂ ವೆಬ್ ಅವರು ವಸ್ತುಗಳ ಆಕಾರಕ್ಕಿಂತ ಅವುಗಳ ಪರಸ್ಪರ ಸ್ಥಾನವನ್ನು ಗಮನಿಸಿದರು. ಕೆಲವು ಸಮಾಧಿಗಳಲ್ಲಿ ಕಲ್ಲೂ ಕೊಕ್ಕೆಯೂ ಒಂದೇ ನೇರದಲ್ಲಿದ್ದವು. ಅವನ್ನು ಕೂಡಿಸಿದ್ದ ಮರದ ಕೋಲು ಮಾತ್ರ ಮಣ್ಣಾಗಿಹೋಗಿತ್ತು. ಆದುದರಿಂದ ಇವು ಈಟಿಯನ್ನು ವೇಗವಾಗಿ ಎಸೆಯಲು ಬಳಸುತ್ತಿದ್ದ ಕೋಲಿನ ಅಂಗಗಳೆಂದು ೧೯೪೬ರ ವರದಿಯಲ್ಲಿ ಅವರು ಪ್ರತಿಪಾದಿಸಿದರು. ಮೀನುಗಾರನ ಸಲಕರಣೆ ಬೇಟೆಗಾರನ ಆಯುಧವಾಯಿತು.

ಅಷ್ಟಕ್ಕೇ ವಿಚಾರ ಮುಗಿಯದು. ಸ್ತ್ರೀಯರ ಮತ್ತು ಮಕ್ಕಳ ಸಮಾಧಿಗಳಲ್ಲಿಯೂ ಇಂಥ ವಸ್ತುಗಳು ದೊರೆತಿವೆ. ಎಳೆಯ ಮಗು ಈಟಿಯನ್ನು ಎಸೆದಿರಲಾರದು. ಉಪಕರಣದ ಉಪಯೋಗ ತಿಳಿದ ಮಾತ್ರಕ್ಕೆ, ಅದನ್ನು ಮೃತರೊಡನೆ ಇಟ್ಟವರ ಮನಸ್ಸು ತಿಳಿದಂತಾಗುವುದಿಲ್ಲ. ಆದರೆ ಎರಡು ಪ್ರಶ್ನೆಗಳಿಗೂ ಆಧಾರ ಒಂದೇ: ವಸ್ತು ದೊರೆತ ಸ್ಥಾನ. ಅದನ್ನು ದಾಖಲಿಸದೆ ಕಿತ್ತು ತಂದ ವಸ್ತು ಸಂಗ್ರಹಾಲಯವನ್ನು ಅಲಂಕರಿಸೀತು, ಸಾಕ್ಷ್ಯವನ್ನು ನುಡಿಯಲಾರದು.